ಟೆಕ್ಸಾಸ್ ದೋಣಿಗೆ ಹಾನಗಲ್ ತಂತಿ

ಶಿವರಾತ್ರಿ ಬಂತೆಂದರೆ ಚಳಿ ‘ಶಿವ ಶಿವಾ’ ಅಂತ ಹೊರಟುಹೋಗುತ್ತದೆ ಎಂಬುದು ನಮ್ಮ ಕಡೆ ಪಂಚಾಂಗಕ್ಕಿಂತ ಗಟ್ಟಿಯಾದ ನಂಬಿಕೆ. ಹಾನಗಲ್ಲಿನ ಚಳಿಗಂತೂ ಅಷ್ಟು ದಿನ ಕಾಯುವ ತಾಳ್ಮೆಯೂ ಇಲ್ಲ. ಸಂಕ್ರಾಂತಿಯ ಕುಸುರೆಳ್ಳಿನ ಡಬ್ಬಿ ಬರಿದಾಗುತ್ತಿದ್ದಂತೆ ಕಂಬಳಿ ಅಟ್ಟ ಸೇರುತ್ತದೆ. ಫೆಬ್ರವರಿಯಲ್ಲಿ ಮಾವಿನ ಹೂವು ಉದುರಿ ಮಿಡಿ ಕಾಣಿಸುವ ಹೊತ್ತಿಗೆ ಮಧ್ಯಾಹ್ನ ಫ್ಯಾನು ತಿರುಗಲೇಬೇಕು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳಲ್ಲಿ ಹರಡಿಕೊಂಡಿರುವ ನಮ್ಮ ಬಳಗದಲ್ಲಿ ನೀರು ತಾನೇ ತಾನಾಗಿ ಹೆಪ್ಪುಗಟ್ಟಿದ್ದನ್ನು ಕಂಡವರು ಒಬ್ಬರೂ ಇಲ್ಲ. ನಮಗೆ ಗೊತ್ತಿರುವ ಐಸು ಎರಡೇ: ಫ್ರಿಜ್ಜಿನದು, ಜಾತ್ರೆಯ ಕ್ಯಾಂಡಿಯದು.

ಇಂಥ ಬಳಗದ ಮುಂದೆ 2021ರ ಫೆಬ್ರವರಿ ಎರಡನೇ ವಾರ ಒಂದು ಪ್ರಶ್ನೆ ಬಂದು ಬಿತ್ತು. ದೋಣಿಯ ಇಂಜಿನ್ನನ್ನು ಚಳಿಯಿಂದ ಉಳಿಸಿಕೊಳ್ಳುವುದು ಹೇಗೆ?

ದೋಣಿ ನಮ್ಮ ಅಕ್ಕನ ಮಗನದು. ಅವನಿರುವುದು ಟೆಕ್ಸಾಸಿನ ಡಲ್ಲಾಸ್ ಹತ್ತಿರ. ಅಲ್ಲಿ ನೌಕರಿ, ಮನೆ, ಎರಡು ಕಾರು ಆದ ಮೇಲೆ ಮನುಷ್ಯನಿಗೆ ದೋಣಿ ಕೊಳ್ಳುವ ವಯಸ್ಸು ಬರುತ್ತದಂತೆ. ನಮ್ಮಲ್ಲಿ ಆ ವಯಸ್ಸಿನಲ್ಲಿ ಬೋರ್‌ವೆಲ್ ಹಾಕಿಸುತ್ತಾರೆ. ದುಡ್ಡು ನೀರಿಗೆ ಹೋಗುವುದು ಎರಡು ಕಡೆಯೂ ಒಂದೇ. ದೋಣಿ ಓಡಿಸುವುದು ಲೂಯಿಸ್‌ವಿಲ್ ಎಂಬ ಸರೋವರದಲ್ಲಿ. ಸರೋವರ ಎನ್ನುವುದು ಬರೀ ಬಾಯಿಮಾತು. ಟ್ರಿನಿಟಿ ನದಿಯ ಎಲ್ಮ್ ಫೋರ್ಕ್ ಎಂಬ ಕವಲಿಗೆ ಒಡ್ಡು ಕಟ್ಟಿ ನಿಲ್ಲಿಸಿದ ನೀರು ಅದು, ಕುಮುದ್ವತಿಗೆ ಒಡ್ಡು ಹಾಕಿ ಮದಗ-ಮಾಸೂರು ಕೆರೆ ಕಟ್ಟಿದಂತೆಯೇ. ಇದು ತಿಳಿದಾಗ ಹಿರೇಕೆರೂರಿನ ನಮ್ಮ ಕಾಕಾ, “ಕಟ್ಟಿದ ಕೆರಿಯಾಗ ದೋಣಿ ಬಿಡಾಕ ಅಲ್ಲೀತನಾ ಯಾಕ ಹೋಗಬೇಕಾಗಿತ್ತು? ನಮ್ಮ ಮದಗದ ಕೆರಿ ಏನ್ ಪಾಪ ಮಾಡಿತ್ತು?” ಅಂತ ಕೇಳಿದ್ದರು. ಅದಕ್ಕೆ ಇವತ್ತಿಗೂ ಯಾರೂ ಉತ್ತರ ಕೊಟ್ಟಿಲ್ಲ.

ಫೋನು ಬಂದದ್ದು ನಮಗೆ ಬೆಳಗಿನ ಚಹಾದ ಹೊತ್ತು, ಅವನಿಗೆ ಹಿಂದಿನ ದಿನದ ರಾತ್ರಿ.

“ಮಾಮಾ, ಇಲ್ಲೆ ಐತವಾರದಿಂದ ಭಾಳ ಥಂಡಿ ಬೀಳತೈತಂತ. ಮೈನಸ್ ಹದಿನೈದಕ್ಕ ಹೊಕ್ಕೈತಿ ಅನ್ನಾಕತ್ತಾರ. ದೋಣಿ ಇಂಜಿನ್ ಒಡದು ಹೋದರ ಮುಗೀತ್ರಿ.”

“ದೋಣಿ ಎಲ್ಲೈತಿ?”

“ಮನಿ ಮುಂದ, ಟ್ರೇಲರ್ ಮ್ಯಾಲ.”

“ಮೆಕ್ಯಾನಿಕ್ ಏನಂತಾನ?”

“ಮುಂದಿನ ತಿಂಗಳ ಬಾ ಅಂತಾನ್ರಿ.”

ಮೆಕ್ಯಾನಿಕ್ಕುಗಳ ಜಾತಿ ಎಲ್ಲ ದೇಶದಲ್ಲೂ ಒಂದೇ ಎಂದು ನನಗೆ ಸಮಾಧಾನವಾಯಿತು.

ಹೆಪ್ಪುಗಟ್ಟುವ ಚಳಿಗೆ ನಿಜವಾಗಿ ಸಿಕ್ಕಿಬೀಳುವವರು ಚಳಿದೇಶದವರಲ್ಲ. ಮಿನ್ನೆಸೋಟದವನು ಅಕ್ಟೋಬರ್ ಬಂತೆಂದರೆ ದಸರೆಗೆ ಆಯುಧ ತೊಳೆದಷ್ಟೇ ನಿಷ್ಠೆಯಿಂದ ದೋಣಿಯ ಇಂಜಿನ್ನು ಬಸಿದು, ಎಣ್ಣೆ ಹಾಕಿ, ಮುಚ್ಚಿಟ್ಟು ಮಲಗುತ್ತಾನೆ. ಟೆಕ್ಸಾಸಿನವನಿಗೆ ಆ ಅಭ್ಯಾಸವಿಲ್ಲ; ಜನವರಿಯಲ್ಲೂ ಒಂದು ಬಿಸಿಲಿನ ರವಿವಾರ ಸಿಕ್ಕರೆ ದೋಣಿ ನೀರಿಗಿಳಿಯುತ್ತದೆ. ಚಳಿಗಾಲ ಇನ್ನೇನು ಮುಗಿಯಿತು ಎನ್ನುವಾಗ ಉತ್ತರದಿಂದ ಗಾಳಿ ನುಗ್ಗಿದರೆ ಅವನ ಗತಿ ನಮ್ಮ ಗತಿಯೇ.

ವಿಷಯ ‘ಬೀಗರ ಬಳಗ’ ಎಂಬ ನಮ್ಮ ವಾಟ್ಸಾಪ್ ಗುಂಪಿಗೆ ಹೋಯಿತು. ಹೋಗಬಾರದಿತ್ತು, ಅಕ್ಕ ಹಾಕಿಬಿಟ್ಟಳು. ಮಧ್ಯಾಹ್ನದೊಳಗೆ ನಾಲ್ಕೂ ತಾಲ್ಲೂಕಿನ ಪಂಡಿತರು ಬಾಯಿ ತೆಗೆದಿದ್ದರು. ಅಕ್ಕನದು ಕಂಬಳಿ ಹೊದಿಸುವ ಪಕ್ಷ. ಕಂಬಳಿ ಕಳಿಸಿದರೆ ಜೊತೆಗೆ ಸವಣೂರಿನ ಖಾರಾ ಕಳಿಸಬಹುದು ಎಂಬ ಆಸೆ ಒಳಗೆ. ಸವಣೂರಿನಲ್ಲಿ ಎಲೆಬಳ್ಳಿ ತೋಟ ಇಟ್ಟಿರುವ ದೊಡ್ಡಪ್ಪ, ಚಳಿಗೆ ಬೆಳೆ ಸುಡಬಾರದೆಂದರೆ ಬದುವಿನಲ್ಲಿ ಕಸ ಕೂಡಿಸಿ ಹೊಗೆ ಹಾಕಬೇಕು, ಇಂಜಿನ್ನಿಗೂ ಹೊಗೆ ಹಾಕಲಿ ಎಂದು ಮೂರು ನಿಮಿಷದ ಧ್ವನಿ ಸಂದೇಶ ಕಳಿಸಿದರು. ಅದು ಪೆಟ್ರೋಲ್ ಇಂಜಿನ್ನು ಎಂದು ತಿಳಿಸಿದಾಗ, “ಹಂಗಾದರ ಸ್ವಲ್ಪ ದೂರ ಹಾಕ್ರಿ” ಅಂದರು. ಶಿಗ್ಗಾಂವಿಯಲ್ಲಿ ಟ್ರ್ಯಾಕ್ಟರ್ ಗ್ಯಾರೇಜ್ ಇಟ್ಟಿರುವ ನಮ್ಮ ಷಡ್ಡಕ ಒಂದೇ ಸಾಲು ಬರೆದ: “ಕೂಲಂಟ್ ಚೆಕ್ ಮಾಡಾಕ ಹೇಳ್ರಿ.”

ಷಡ್ಡಕ ಹೇಳಿದ್ದರಲ್ಲಿ ತಪ್ಪಿಲ್ಲ, ಟ್ರ್ಯಾಕ್ಟರಿನ ಮಟ್ಟಿಗೆ. ಕಾರು, ಟ್ರ್ಯಾಕ್ಟರುಗಳಲ್ಲಿ ರೇಡಿಯೇಟರ್ ನೀರು ಒಳಗೇ ಸುತ್ತುತ್ತಿರುತ್ತದೆ. ಅದಕ್ಕೆ ಅರ್ಧಕ್ಕರ್ಧ ಗ್ಲೈಕಾಲ್ ಬೆರೆಸಿದರೆ ಮೈನಸ್ ಮೂವತ್ತೈದರ ತನಕ ಭಯವಿಲ್ಲ. ನಮ್ಮ ಹುಡುಗನಂಥವರ ದೋಣಿಯ ವ್ಯವಹಾರವೇ ಬೇರೆ. ಅದಕ್ಕೆ ರೇಡಿಯೇಟರ್ ಎಂಬುದೇ ಇರುವುದಿಲ್ಲ. ಸುತ್ತ ಕೆರೆಯೇ ಇರುವಾಗ ಯಾಕೆ ಬೇಕು? ಕೆರೆಯ ನೀರನ್ನೇ ಎಳೆದು, ಸಿಲಿಂಡರಿನ ಸುತ್ತ ಹರಿಸಿ, ಬಿಸಿಯಾದದ್ದನ್ನು ಮತ್ತೆ ಕೆರೆಗೆ ಉಗುಳುತ್ತದೆ. ಇಂಜಿನ್ ಆಫ್ ಮಾಡಿ ದೋಣಿಯನ್ನು ಮನೆಗೆ ತಂದರೂ ಒಳಗಿನ ಸಂದುಗೊಂದಿನಲ್ಲಿ ಒಂದಿಷ್ಟು ಕೆರೆ ಉಳಿದೇ ಇರುತ್ತದೆ.

ಇದನ್ನು ಕೇಳಿದಾಗ ನನಗೆ ವರದಾ ಹೊಳೆಯ ದಂಡೆ ನೆನಪಾಯಿತು. ಕರೆಂಟಿನ ಮೋಟಾರು ಬರುವ ಮುಂಚೆ ನಮ್ಮ ಹೊಲಕ್ಕೆ ನೀರೆತ್ತುತ್ತಿದ್ದುದು ಐದು ಹಾರ್ಸ್‌ಪವರಿನ ಕಿರ್ಲೋಸ್ಕರ್ ಡೀಸೆಲ್ ಇಂಜಿನ್ನು. ಅದೂ ಹೀಗೆಯೇ. ಪಂಪಿನಿಂದ ಬೆರಳುಗಾತ್ರದ ಒಂದು ರಬ್ಬರ್ ಪೈಪು ಇಂಜಿನ್ನಿನ ಹೊಟ್ಟೆಗೆ ಹೋಗುತ್ತಿತ್ತು. ಹೊಳೆಯ ನೀರು ಒಳಗೆ ಸುತ್ತಿ, ಬಿಸಿಯಾಗಿ, ಇನ್ನೊಂದು ಬಾಯಿಯಿಂದ ಹೊರಬೀಳುತ್ತಿತ್ತು. ಮೀಟರು ಗೀಟರು ಇಲ್ಲ. ಬೀಳುವ ನೀರಿಗೆ ಕೈ ಒಡ್ಡಿ, ಕೈ ತಾಳಿಕೊಂಡರೆ ಇಂಜಿನ್ ಆರಾಮಾಗಿದೆ ಎಂದರ್ಥ. ಡಿಸೆಂಬರಿನ ಮುಂಜಾನೆ ಅದರ ಬುಡಕ್ಕೆ ಬಕೆಟ್ ಇಟ್ಟು ಸ್ನಾನ ಮಾಡಿದವರು ಬಹಳ ಮಂದಿ. ಸುಗ್ಗಿ ಮುಗಿದು ಇಂಜಿನ್ನನ್ನು ಗಾಡಿಯ ಮೇಲೆ ಮನೆಗೆ ತರುವಾಗ ಅಪ್ಪ ಕೆಳಗಿನ ಬೋಲ್ಟು ಬಿಚ್ಚಿಸುತ್ತಿದ್ದರು. ಅದು ಚಳಿಗಲ್ಲ, ತುಕ್ಕಿಗೆ. ಬೋಲ್ಟು ಬಂದರೂ ನೀರು ಬರುತ್ತಿರಲಿಲ್ಲ. ತೂತಿನ ಒಳಗೆ ವರದೆಯ ಉಸುಕು, ತುಕ್ಕಿನ ಹಕ್ಕಳೆ, ಒಮ್ಮೊಮ್ಮೆ ಸಣ್ಣ ಶಂಖದ ಹುಳ ಕೂಡ ಗಟ್ಟಿಯಾಗಿ ಕೂತಿರುತ್ತಿದ್ದವು. ಬೇಲಿಯ ತಂತಿಯ ತುಂಡಿನಿಂದ ತಿವಿದು ತಿರುವಿದರೆ ಮೊದಲು ಕೆಂಪು ರಾಡಿ, ಆಮೇಲೆ ಬುಳಬುಳನೆ ನೀರು.

ಆದ್ದರಿಂದ ನನ್ನ ಸಲಹೆ ಸರಳವಾಗಿತ್ತು: “ತಮ್ಮಾ, ಎಲ್ಲಾ ಬಿರಡಿ ಬಿಚ್ಚು. ನೀರು ಪೂರಾ ಚೆಲ್ಲು.”

ಈ ಮಾತು ಗುಂಪಿನಲ್ಲಿ ಕೋಲಾಹಲವೆಬ್ಬಿಸಿತು. ನೀರು ಚೆಲ್ಲು ಎನ್ನುವ ಸಲಹೆಯನ್ನು ನಮ್ಮ ಬಳಗದಲ್ಲಿ ಅಲ್ಲಿಯವರೆಗೆ ಯಾರೂ ಯಾರಿಗೂ ಕೊಟ್ಟಿರಲಿಲ್ಲ. ನಮ್ಮ ಬದುಕೆಲ್ಲ ನೀರನ್ನು ಒಳಗೆ ತುಂಬುವುದರಲ್ಲೇ ಕಳೆದಿದೆ. ಫುಟ್‌ವಾಲ್ವ್ ಸೋರಿದರೆ ಕೊಡದಿಂದ ಪಂಪಿಗೆ ನೀರು ತುಂಬು, ನಲ್ಲಿ ಬಂದ ದಿನ ಪಾತ್ರೆ ಪಗಡ ತುಂಬು, ಕೆರೆ ತುಂಬಿಸುವ ಯೋಜನೆಗೆ ಅರ್ಜಿ ಹಾಕು. ಒಳಗೆ ನೀರು ಉಳಿಯಿತೆಂಬ ಕಾರಣಕ್ಕೆ ಒಂದು ಯಂತ್ರ ಸಾಯುತ್ತದೆ ಎನ್ನುವುದು ಸವಣೂರಿನ ದೊಡ್ಡಪ್ಪನಿಗೆ ಕೊನೆಗೂ ಜೀರ್ಣವಾಗಲಿಲ್ಲ.

ಕಾರಣವೇನೋ ಶಾಲೆಯ ಪುಸ್ತಕದಲ್ಲೇ ಇದೆ. ಬಹುತೇಕ ವಸ್ತುಗಳು ತಂಪಾಗಿ ಗಟ್ಟಿಯಾದರೆ ಕುಗ್ಗುತ್ತವೆ. ನೀರು 4 ಡಿಗ್ರಿಯವರೆಗೆ ಕುಗ್ಗಿ, ಆಮೇಲೆ ಮನಸ್ಸು ಬದಲಿಸಿ ಹಿಗ್ಗತೊಡಗುತ್ತದೆ. ಮಂಜುಗಡ್ಡೆಯಾದಾಗ ನೂರಕ್ಕೆ ಒಂಬತ್ತರಷ್ಟು ಹೆಚ್ಚು ಜಾಗ ಕೇಳುತ್ತದೆ. ಬೀಡುಕಬ್ಬಿಣಕ್ಕೆ ಅಡ್ಜಸ್ಟ್ ಮಾಡಿಕೊಳ್ಳುವ ಗುಣವಿಲ್ಲ. ಜಾಗ ಬಿಡುವ ಬದಲು ಬಿರಿಯುತ್ತದೆ. ಬಿರಿದದ್ದು ಗೊತ್ತಾಗುವುದು ತಿಂಗಳ ಮೇಲೆ, ದೋಣಿ ನೀರಿಗಿಳಿಸಿ ಚಾಲೂ ಮಾಡಿದಾಗ. ಎಣ್ಣೆಯ ಕಡ್ಡಿ ಎಳೆದು ನೋಡಿದರೆ ಆಯಿಲ್ಲು ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಆ ಬಣ್ಣ ಕಂಡ ಮೇಲೆ ಮಾಡುವುದೇನೂ ಇಲ್ಲ, ಇನ್ನೊಂದು ಇಂಜಿನ್ನಿಗೆ ದುಡ್ಡು ಹೊಂದಿಸುವುದೊಂದೇ.

ಅಕ್ಕನ ಕಂಬಳಿಗೂ ಇಲ್ಲೇ ಸೋಲು. ಕಂಬಳಿಗೆ ಇರುವ ಬಿಸಿಯನ್ನು ಹಿಡಿದಿಡಲು ಬರುತ್ತದೆ, ಹುಟ್ಟಿಸಲು ಬರುವುದಿಲ್ಲ. ನಿಂತ ಇಂಜಿನ್ನಿಗೆ ಸ್ವಂತ ಬಿಸಿ ಎಲ್ಲಿಯದು?

ಹುಡುಗ ಎರಡು ದಾರಿ ತನಿಖೆ ಮಾಡಿದ್ದ. ಒಂದು, ಅಲ್ಲಿ ಸಿಗುವ ಗುಲಾಬಿ ಬಣ್ಣದ ಗ್ಲೈಕಾಲ್ ದ್ರವ. ಕಾರಿಗೆ ಹಾಕುವ ಹಸಿರಿನದು ಸಾಮಾನ್ಯವಾಗಿ ಎಥಿಲಿನ್ ಜಾತಿಯದು, ವಿಷ. ರುಚಿ ಸಿಹಿಯಾದ್ದರಿಂದ ನಾಯಿಗಳು ನೆಕ್ಕಿ ಸಾಯುತ್ತವೆ. ಗುಲಾಬಿಯದು ಪ್ರೊಪಿಲಿನ್, ಕೆರೆಗೆ ಹೋದರೂ ಅಷ್ಟು ಅಪಾಯವಿಲ್ಲ. ಆದರೆ ಹಳೆಯ ನೀರು ಬಸಿಯದೆ ಅದನ್ನು ಸುರಿದರೆ ನೀರಿನೊಂದಿಗೆ ಬೆರೆತು ತೆಳ್ಳಗಾಗುತ್ತದೆ. ಇಂಜಿನ್ ಬಿಸಿಯಾಗದೆ ಥರ್ಮೋಸ್ಟಾಟಿನ ಬಾಗಿಲು ತೆರೆಯದಿದ್ದರೆ ಹಾಕಿದ್ದೆಲ್ಲ ಹೊಟ್ಟೆಗೆ ಸೇರದೆ ಹೊರಗೇ ಹರಿದುಹೋಗಬಹುದು. ಯಾವ ದಾರಿಯಲ್ಲಿ ಹೋದರೂ ಮೊದಲು ಬಿರಡೆ ಬಿಚ್ಚಲೇಬೇಕು. ಅಷ್ಟಕ್ಕೂ ಆ ವಾರ ಅಂಗಡಿಗಳಲ್ಲಿ ಅದು ಖಾಲಿಯಾಗಿತ್ತಂತೆ.

ಎರಡನೆಯದು, ಇಂಜಿನ್ನಿನ ಪೆಟ್ಟಿಗೆಯೊಳಗೆ ಕರೆಂಟಿನ ಹೀಟರ್ ಇಡುವುದು. ಅಕ್ಕಪಕ್ಕದವರೆಲ್ಲ ಅದನ್ನೇ ಮಾಡುತ್ತಿದ್ದಾರೆ ಎಂದ.

“ಕರೆಂಟ್ ನಂಬಬ್ಯಾಡ ತಮ್ಮಾ,” ಎಂದೆ. ಈ ಒಂದು ವಿಷಯದಲ್ಲಿ ನಮ್ಮ ನಾಲ್ಕು ತಾಲ್ಲೂಕಿನ ಜ್ಞಾನ ಜಗತ್ತಿನ ಯಾವ ವಿಶ್ವವಿದ್ಯಾಲಯಕ್ಕೂ ಕಡಿಮೆಯಿಲ್ಲ.

“ಇದು ಅಮೇರಿಕಾ ಐತ್ರಿ ಮಾಮಾ. ಇಲ್ಲೆ ಕರೆಂಟ್ ಹೋಗಂಗಿಲ್ಲ.”

ನಾನು ವಾದ ಮಾಡಲಿಲ್ಲ. ಬಿರಡೆ ಬಿಚ್ಚಿದ ಮೇಲೆ ಬೇಕಾದರೆ ಹೀಟರ್ ಇಟ್ಟುಕೋ ಎಂದೆ. ಫೋನನ್ನು ಇಂಜಿನ್ನಿನ ಮುಂದೆ ನಿಲ್ಲಿಸಿಕೊಂಡು ಅವನು ಕೆಲಸ ಶುರು ಮಾಡಿದ. ಆರು ಸಿಲಿಂಡರಿನ ಇಂಜಿನ್ನು; ಎಡಕ್ಕೊಂದು ಬಲಕ್ಕೊಂದು ಹಿತ್ತಾಳೆಯ ಬಿರಡೆ, ಹೊಗೆ ಹೋಗುವ ಕೊಳವೆಗಳ ಕೆಳಗೆ ಇನ್ನೆರಡು, ನೀರೆಳೆಯುವ ಪಂಪಿನ ಪೈಪು ಬೇರೆ. ಎಡಗಡೆಯದು ಬಿಚ್ಚಿದ ಕೂಡಲೇ ಧಾರೆಯಾಗಿ ಸುರಿಯಿತು. ಬಲಗಡೆಯದು ಬಿಚ್ಚಿದ. ಒಂದು ಹನಿಯೂ ಇಲ್ಲ.

“ಈ ಕಡೆ ನೀರs ಇಲ್ರಿ ಮಾಮಾ.”

“ತಂತಿ ತಗೊಂಡು ತಿವಿ.”

ಡಲ್ಲಾಸಿನಲ್ಲಿ ಬೇಲಿಯ ತಂತಿ ಎಲ್ಲಿಂದ ಬರಬೇಕು? ಬಟ್ಟೆ ನೇತುಹಾಕುವ ಹ್ಯಾಂಗರನ್ನು ನೆಟ್ಟಗೆ ಮಾಡಿ ತಂದ. ತಿವಿದ, ತಿರುವಿದ. ಮೊದಲು ಕೆಂಪು ರಾಡಿ ಬಂತು. ಆಮೇಲೆ ಬುಳಬುಳನೆ ಲೂಯಿಸ್‌ವಿಲ್ ಕೆರೆ. ಇಲ್ಲಿ ಹಾನಗಲ್ಲಿನ ಜಗಲಿಯ ಮೇಲೆ ಅಕ್ಕ, “ಬಂತು, ಬಂತು!” ಅಂತ ಚಪ್ಪಾಳೆ ತಟ್ಟಿದಳು. ಬೋರ್‌ವೆಲ್ಲಿನಲ್ಲಿ ನೀರು ಬಿದ್ದಾಗಲೂ ಅವಳು ಅಷ್ಟು ಖುಷಿಪಟ್ಟಿರಲಿಲ್ಲ.

ಮುಂದಿನದು ಪತ್ರಿಕೆಗಳಲ್ಲಿ ಬಂದದ್ದೇ. ಫೆಬ್ರವರಿ 15ರ ನಸುಕಿನಿಂದ ಟೆಕ್ಸಾಸಿನಲ್ಲಿ ಕರೆಂಟು ತೆಗೆಯಲು ಶುರುಮಾಡಿದರು. ಗ್ಯಾಸಿನ ಪೂರೈಕೆ ಹೆಪ್ಪುಗಟ್ಟಿತು, ವಿದ್ಯುತ್ ಸ್ಥಾವರಗಳು ಒಂದರ ಹಿಂದೆ ಒಂದು ನಿಂತವು, ಆ ರಾಜ್ಯದ ವಿದ್ಯುತ್ ಜಾಲ ಬಹುಮಟ್ಟಿಗೆ ಒಂಟಿಯಾದ್ದರಿಂದ ನೆರೆಯವರಿಂದ ಸಾಕಷ್ಟು ಎರವಲು ತರಲೂ ಆಗಲಿಲ್ಲ. 40 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳು ಕತ್ತಲಲ್ಲಿ ಕೂತವು. 16ರಂದು ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಮೈನಸ್ 19 ಡಿಗ್ರಿ. ನೆರೆಹೊರೆಯ ದೋಣಿಗಳ ಹೀಟರುಗಳೆಲ್ಲ ತಣ್ಣಗೆ ಮಲಗಿದವು. ಹುಡುಗ ಕಾರಿನಲ್ಲಿ ಕೂತು ಫೋನ್ ಚಾರ್ಜ್ ಮಾಡಿಕೊಂಡು, “ಮಾಮಾ, ಕರೆಂಟ್ ಹೋತ್ರಿ,” ಎಂದಾಗ ನಾನು ನಗಲಿಲ್ಲ. ಬೀಗರ ಬಳಗ ನಕ್ಕಿತು.

ಏಪ್ರಿಲಿನಲ್ಲಿ ಅವನ ದೋಣಿ ಮೊದಲ ಸಲಕ್ಕೇ ಚಾಲೂ ಆಯಿತು. ಎಣ್ಣೆಯ ಕಡ್ಡಿಯ ಫೋಟೋ ಕಳಿಸಿದ, ಆಯಿಲ್ಲು ಸ್ವಚ್ಛವಾಗಿತ್ತು. ಮನೆಯೊಳಗಿನ ನಲ್ಲಿಯ ಪೈಪು ಮಾತ್ರ ಆ ವಾರವೇ ಗೋಡೆಯಲ್ಲಿ ಒಡೆದು, ಹಾಲಿನ ತುಂಬ ನೀರು ನಿಂತು, ಮರದ ನೆಲವೆಲ್ಲ ಉಬ್ಬಿ ಎದ್ದಿತ್ತು. ಅದರ ಬಗ್ಗೆ ಅವನು ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ.

ನಿಮ್ಮ ಮಕ್ಕಳೂ ಬೆಚ್ಚನೆಯ ದೇಶದಲ್ಲಿ ದೋಣಿ ಕೊಂಡಿದ್ದರೆ ದಯವಿಟ್ಟು ಈ ಮಾತು ಮುಟ್ಟಿಸಿ: ಚಳಿಯ ಸುದ್ದಿ ಬಂದ ದಿನವೇ ಬಿರಡೆ ಬಿಚ್ಚಲಿ, ನೀರು ಬರದಿದ್ದರೆ ಇಲ್ಲ ಎಂದುಕೊಳ್ಳದೆ ತಂತಿ ಹಾಕಲಿ, ಬಿಚ್ಚಿದ ಬಿರಡೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಇಂಜಿನ್ನಿನ ಕೀಲಿಗೇ ಕಟ್ಟಿಡಲಿ. ಬಿರಡೆ ಹಾಕುವುದನ್ನು ಮರೆತು ನೀರಿಗಿಳಿಸಿದರೆ ಕೆರೆಯೆಲ್ಲ ದೋಣಿಯೊಳಗೆ ಬರುತ್ತದೆ.