ಕಡೆಯ ಸಾಲಿನ ತೀರ್ಪು

ಏಳು ಸೀಟಿನ ಗಾಡಿಯ ಬಂಡವಾಳ ಬಯಲಾಗುವುದು ಅದರ ಕಟ್ಟಕಡೆಯ ಸಾಲಿನಲ್ಲಿ. ಶೋರೂಮಿನವರಿಗೂ ಇದು ಗೊತ್ತಿರಬೇಕು, ಬಂದವರನ್ನು ಮೊದಲು ಸ್ಟೀರಿಂಗ್ ಮುಂದೆಯೇ ಕೂರಿಸುತ್ತಾರೆ. ಎರ್ಟಿಗಾ ನೋಡಲು ನಾವು ಮನೆಮಂದಿಯೆಲ್ಲ ಹೋಗಿದ್ದೆವು. ಮನೆಯಲ್ಲಿ ಕಾರು ಓಡಿಸುವವಳು ನಾನು. ಆದರೂ ಸೇಲ್ಸ್ ಹುಡುಗ ಮೈಲೇಜಿನ ಪುರಾಣವನ್ನೆಲ್ಲ ಇವರಿಗೇ ಹೇಳುತ್ತಿದ್ದ. ಸ್ಕೂಟರಿನಾಚೆ ಏನನ್ನೂ ಮುಟ್ಟದ ಇವರು ಬಲು ಗಂಭೀರವಾಗಿ ತಲೆಯಾಡಿಸುತ್ತಿದ್ದರು.

ಟೆಸ್ಟ್ ಡ್ರೈವ್‌ಗೆ ಹೊರಟೆವು. ಮೈಸೂರಿನ ರಿಂಗ್ ರಸ್ತೆಯಲ್ಲಿ ಯಾವ ಗಾಡಿಯಾದರೂ ಚೆನ್ನಾಗಿಯೇ ಓಡುತ್ತದೆ. ಕ್ಲಚ್ ಹಗುರ, ನೋಟ ವಿಶಾಲ. ಉದ್ದ ಮಾತ್ರ 4.4 ಮೀಟರಿನ ಆಸುಪಾಸು ಎಂದು ಹುಡುಗ ಹೇಳಿದಾಗ ನಮ್ಮ ಬೀದಿಯ ತಿರುವೂ ಅಲ್ಲಿ ಸದಾ ನಿಂತಿರುವ ಸೊಪ್ಪಿನ ಗಾಡಿಯೂ ಕಣ್ಣ ಮುಂದೆ ಬಂದವು.

ನಮ್ಮ ಕಾಲದ ಓಮ್ನಿಗೆ ಇಂಥ ಚಿಂತೆಗಳಿರಲಿಲ್ಲ. 1984ರಲ್ಲಿ ಬರಿಯ ಮಾರುತಿ ವ್ಯಾನ್ ಆಗಿ ಹುಟ್ಟಿದ ಅದರಲ್ಲಿ ಮುಂದಿನ ಸೀಟಿನ ಅಡಿಗೇ ಎಂಜಿನ್. ಘಾಟಿ ಹತ್ತುವಷ್ಟರಲ್ಲಿ ಅಪ್ಪನ ಆಸನ ಕಾದ ಕಾವಲಿ. ಎಷ್ಟು ಜನ ಎಂದು ಯಾರೂ ಕೇಳುತ್ತಿರಲಿಲ್ಲ, ಬಾಗಿಲು ಎಳೆದಾಗ ಹಾಕಿಕೊಂಡರೆ ಜಾಗ ಇದೆ ಎಂದರ್ಥ. ಆಮೇಲೆ ಬಿಡದಿಯ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ ಬಂದವು. ದಿಬ್ಬಣಕ್ಕೆ, ತೀರ್ಥಯಾತ್ರೆಗೆ ಬಾಡಿಗೆ ಗಾಡಿ ಎಂದರೆ ಅವೇ ಆದವು.

ಎರ್ಟಿಗಾವನ್ನು ಬದಿಗೆ ನಿಲ್ಲಿಸಿ ನಾನೇ ಹಿಂದಕ್ಕೆ ನುಸುಳಿದೆ. ನಡುವಿನ ಸೀಟು ಮಡಚಿಕೊಂಡು ದಾರಿ ಬಿಟ್ಟಿತು, ಮಂಡಿ ಮಾತ್ರ ಗಲ್ಲದ ಕಡೆಗೆ ಬಂತು. ಮಗ ಅಲ್ಲಿ ಆರಾಮವಾಗಿ ಕಾಲು ಚಾಚಿದ. ಅತ್ತೆಗೆ ಬೇಕಾಗಿದ್ದು ಒಂದೇ, ಸೀರೆ ಎತ್ತದೆ ಹತ್ತಲು ಬರಬೇಕು. ನಡುವಿನ ಸಾಲಿಗೆ ಹತ್ತಿದರು, ಎಸಿಯತ್ತ ನೋಡಿ ಸೆರಗು ಹೊದ್ದುಕೊಂಡರು. ಮಗಳಿಗೆ ಹಿಡಿಸಿದ್ದು ಬಾಟಲಿ ತಂಪಾಗಿಡುವ ಕಪ್ ಹೋಲ್ಡರ್. ಎಂಜಿನ್ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ.

ನನ್ನ ಚಿಂತೆ ಸಂಪಾಜೆ ಘಾಟಿಯದು. ತವರು ಸುಳ್ಯ, ಮಡಿಕೇರಿ ದಾಟಿದ ಮೇಲೆ ಬರೀ ತಿರುವು. ಕಡೆಯ ಸಾಲಿನವರು ಹಿಂದಿನ ಚಕ್ರಗಳ ಹತ್ತಿರವೇ ಕೂರುವುದರಿಂದ ಹಳ್ಳದಿಣ್ಣೆಯ ಕುಲುಕಾಟವೆಲ್ಲ ಮೊದಲು ಅವರಿಗೇ. ಹೊರಗೆ ದೂರಕ್ಕೆ ನೋಡೋಣವೆಂದರೆ ಎದುರಿಗೆ ಇನ್ನೊಬ್ಬರ ತಲೆ. ನಿಂಬೆಹಣ್ಣು, ಪ್ಲಾಸ್ಟಿಕ್ ಕವರು ಯಾರ ಕೈಲಿರಬೇಕೆಂಬುದು ಅಲ್ಲಿಗೆ ತೀರ್ಮಾನವಾಯಿತು.

"ಡಿಕ್ಕಿ ಎಷ್ಟಪ್ಪಾ?" ಎಂದೆ. "ಏಳೂ ಸೀಟು ಎತ್ತಿದ್ರೆ 209 ಲೀಟರ್, ಮೇಡಂ. ಕಡೆಯ ಸಾಲು ಮಡಚಿದ್ರೆ 550." ಡಿಕ್ಕಿಯನ್ನು ಹಾಲಿನ ಲೆಕ್ಕದಲ್ಲಿ ಯಾಕೆ ಅಳೆಯುತ್ತಾರೋ! ಅಮ್ಮ ತುಂಬಿಸಿ ಕಳಿಸುವ ತೆಂಗಿನಕಾಯಿ ಚೀಲ, ಉಪ್ಪಿನಕಾಯಿ ಭರಣಿ, ಎರಡು ಹಲಸಿನಹಣ್ಣು ಎಷ್ಟು ಲೀಟರ್ ಆದಾವು? ಹಣ್ಣು ಬೇಕೆಂದರೆ ಮಗನನ್ನು ಸುಳ್ಯದಲ್ಲೇ ಬಿಟ್ಟು ಬರಬೇಕು.

"ಹೇಗನ್ನಿಸ್ತು, ಮೇಡಂ?" ಈ ಸಲ ಹುಡುಗ ನನ್ನನ್ನೇ ಕೇಳಿದ. ಭಾನುವಾರ ಗಾಡಿ ಕೊಡಿ, ಮನೆಮಂದಿಯೆಲ್ಲ ಸುಳ್ಯಕ್ಕೆ ಹೋಗಿ ಹಣ್ಣು ಹೇರಿಕೊಂಡು ಬಂದು ಹೇಳುತ್ತೇನೆ ಎಂದೆ. ಅವನು ನಕ್ಕು, ಬಣ್ಣದ ಪಟ್ಟಿಯನ್ನು ಇವರ ಕೈಗೆ ಕೊಟ್ಟ.