ಗಿಡಕ್ಕೆ ಮಾತ್ರೆ, ಮೀನಿಗೆ ಪಥ್ಯ

ನಮ್ಮ ಮನೆಯಲ್ಲಿ ಮಾತ್ರೆಯ ಗಿರಾಕಿಗಳು ಆಗಲೇ ಮೂವರಿದ್ದೆವು. ಅಮ್ಮನದು ಬಿಪಿಗೆ, ನನ್ನದು ಸಕ್ಕರೆಗೆ, ಹೆಂಡತಿಯದು ನಾವಿಬ್ಬರೂ ಸೇರಿ ಕೊಡುವ ತಲೆನೋವಿಗೆ. ಹೋದ ವರ್ಷ ನಾಲ್ಕನೆಯದಾಗಿ ಮೀನಿನ ತೊಟ್ಟಿಯ ಗಿಡ ಸೇರಿಕೊಂಡಿತು.

ತೊಟ್ಟಿ ದೊಡ್ಡದೇನಲ್ಲ. ಎರಡಡಿ ಉದ್ದ, ಅಗಲ ಎತ್ತರ ಒಂದೊಂದು ಅಡಿ. ಕಂಠಮಟ್ಟ ತುಂಬಿದರೆ 50 ಲೀಟರಿನ ಮೇಲೆ ಸ್ವಲ್ಪ. ಅದರಲ್ಲಿ ಗಪ್ಪಿಗಳು. ಎಷ್ಟು ಎಂದು ಕೇಳಬೇಡಿ, ಬೆಳಗ್ಗೆ ಎಣಿಸಿದ ಲೆಕ್ಕ ಸಂಜೆಗೆ ತಪ್ಪಿರುತ್ತದೆ. ನಡುವೆ ಅಮೆಜಾನ್ ಸ್ವೋರ್ಡ್ ಎಂಬ ಗಿಡ. ಅಂಗಡಿಯಲ್ಲಿ ಕತ್ತಿಯ ಹಾಗೇ ನೆಟ್ಟಗೆ ನಿಂತಿದ್ದದ್ದು, ನಮ್ಮ ಮನೆಗೆ ಬಂದು ತಿಂಗಳಾಗುವಷ್ಟರಲ್ಲಿ ತುಕ್ಕು ಹಿಡಿದ ಕುಡುಗೋಲಾಯಿತು. ಹಳೆಯ ಎಲೆ ಹಳದಿ, ಹಳದಿಯ ಮೇಲೆ ತೂತು.

ಕಾರಣ ತಿಳಿಯಲು ಕಷ್ಟವಾಗಲಿಲ್ಲ. ಈ ಗಿಡ ಊಟ ಮಾಡುವುದು ಹೆಚ್ಚಾಗಿ ಬೇರಿನಿಂದ. ನಾನು ಹಾಸಿದ್ದು ಏಳು ನೀರಿನಲ್ಲಿ ತೊಳೆದ ಜಲ್ಲಿ. ಬರಿಯ ಬಾಳೆಯೆಲೆ ಹಾಸಿ, ನೀರು ಚಿಮುಕಿಸಿ, ಬಡಿಸುವವರೇ ಬಾರದಂಥ ಮದುವೆಮನೆ ಅದು. ಮೀನಿನ ಹಿಕ್ಕೆಯಿಂದ ಸಾರಜನಕ, ರಂಜಕ ಏನೋ ಒಂದಿಷ್ಟು ಸಿಗುತ್ತದೆ; ಪೊಟ್ಯಾಶ್, ಕಬ್ಬಿಣಕ್ಕೆ ಗತಿಯಿಲ್ಲ. ಕೊರತೆ ಇರುವುದು ಒಂದೇ ಆದರೂ ಉಳಿದವೆಲ್ಲ ಇದ್ದೂ ದಂಡ ಎಂದು ಹತ್ತೊಂಬತ್ತನೆಯ ಶತಮಾನದಲ್ಲೇ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಬರೆದಿಟ್ಟಿದ್ದಾನೆ. ಉಪ್ಪಿಲ್ಲದ ಸಾರನ್ನು ಉಂಡವರಿಗೆ ಇದನ್ನು ಜರ್ಮನಿಯಿಂದ ಕಲಿಯಬೇಕಾಗಿಲ್ಲ.

ಅಕ್ವೇರಿಯಂಗೆಂದೇ ಬೇರಿನ ಮಾತ್ರೆಗಳು ಸಿಗುತ್ತವೆ. ಆದರೆ ನರ್ಸರಿಯಲ್ಲಿ ಕುಂಡದ ಗಿಡಕ್ಕೆ ಕೊಡುವ ಗೊಬ್ಬರದ ಮಾತ್ರೆಯೂ ಉಂಟು. ಪೊಟ್ಟಣದ ಮೇಲೆ ಮೀನಿನ ಚಿತ್ರವಿದ್ದರೆ ಒಂದು ಬೆಲೆ, ಗುಲಾಬಿಯ ಚಿತ್ರವಿದ್ದರೆ ಇನ್ನೊಂದು. ನಾನು ಗುಲಾಬಿಯ ಕಡೆಯವನು. ಒಂದಿಡೀ ಮಾತ್ರೆಯನ್ನು ಬೆರಳಿನಿಂದ ಜಲ್ಲಿಯೊಳಗೆ ಬೇರಿನ ಬುಡದವರೆಗೂ ತಳ್ಳಿದೆ. ಮೂರು ವಾರಕ್ಕೆ ಹೊಸ ಸುಳಿ, ಅಂಗೈಯಗಲದ ಹಸಿರು. ಅಷ್ಟಕ್ಕೇ ನಿಂತಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ.

ಗಿಡ ದೊಡ್ಡದಾದ ಮೇಲೆ ನಟ್ಟನಡುವೆ ಇರುವುದು ಚೆನ್ನಲ್ಲ, ಮೂಲೆಯಲ್ಲಿದ್ದರೆ ನೋಟಕ್ಕೆ ಆಳ ಬರುತ್ತದೆ ಎಂದು ನನಗೊಂದು ಭಾನುವಾರ ಸಂಜೆ ಅನ್ನಿಸಿತು. ಕಿತ್ತೆ. ಬೇರಿನ ಜೊತೆಗೆ ಅರ್ಧ ಕರಗಿದ ಮಾತ್ರೆಯೂ ಎದ್ದು ಬಂತು, ಅಂಬಲಿಯ ಹಾಗೆ ನೀರಲ್ಲಿ ಕದಡಿತು. ಫಿಲ್ಟರ್ ನೋಡಿಕೊಳ್ಳುತ್ತದೆ ಎಂದು ಮಲಗಿದೆ. ಬೆಳಗ್ಗೆ ಗಪ್ಪಿಗಳೆಲ್ಲ ನೀರಿನ ಮೇಲ್ಮೈಗೆ ಬಂದು ಬಾಯಿ ಬಾಯಿ ಬಿಡುತ್ತಿವೆ.

“ರೀ, ಅವು ಏನೋ ಹೇಳ್ತಿವೆ” ಎಂದಳು ಹೆಂಡತಿ. ಹೇಳುತ್ತಿದ್ದದ್ದು ನನ್ನನ್ನೇ ಕುರಿತು ಎಂಬುದರಲ್ಲಿ ಅವಳಿಗೂ ಅನುಮಾನವಿರಲಿಲ್ಲ.

ಬಕೆಟ್ ಹಿಡಿದು ಅರ್ಧ ನೀರು ಬದಲಿಸಿದೆ, ಮಧ್ಯಾಹ್ನ ಮತ್ತೊಮ್ಮೆ. ಎರಡು ಮೀನು ಹೋದವು, ಉಳಿದವು ಚೇತರಿಸಿಕೊಂಡವು. ಆಮೇಲೆ ಕನ್ನಡಕ ಹಾಕಿಕೊಂಡು, ಮೊದಲೇ ಓದಬೇಕಿದ್ದ ಪೊಟ್ಟಣವನ್ನು ಓದಿದೆ. ಕುಂಡದ ಗೊಬ್ಬರದಲ್ಲಿ ಸಾರಜನಕ ಬರುವುದು ಬಹುಮಟ್ಟಿಗೆ ಯೂರಿಯಾ ಇಲ್ಲವೇ ಅಮೋನಿಯಂ ವೇಷದಲ್ಲಿ. ನೀರಿಗಿಳಿದ ಯೂರಿಯಾವೂ ಕೊನೆಗೆ ಅಮೋನಿಯಾ ಕಡೆಗೇ. ಗಿಡಕ್ಕೆ ಅದು ಮೃಷ್ಟಾನ್ನ, ಮೀನಿನ ಕಿವಿರಿಗೆ ಬೆಂಕಿ. ನೀರಿನ ಗುಣವೂ ಇಲ್ಲಿ ಕೈಯಾಡಿಸುತ್ತದೆ: 25 ಡಿಗ್ರಿ ಶಾಖದಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಶೇಕಡಾ ಅರ್ಧದಷ್ಟು ಮಾತ್ರ ವಿಷರೂಪದ್ದು; ಪಿಎಚ್ 8 ಆದರೆ ಶೇಕಡಾ 5ರ ಮೇಲೆ. ನಮ್ಮ ಮನೆಯದು ಬೋರ್‌ವೆಲ್ ನೀರು, ಎಂಟರ ನೆಂಟ. ಫಿಲ್ಟರಿನ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಮಾಡುವುದು ನಿಜ. ಆದರೆ ಅವುಗಳಿಗೂ ಒಂದು ತಾಕತ್ತಿದೆ. ನಾಲ್ಕು ಜನಕ್ಕೆ ಅಡುಗೆ ಮಾಡುವವರ ಮನೆಗೆ ದಿಬ್ಬಣವೇ ಬಂದಿಳಿದರೆ?

ಅಮ್ಮ ಇದನ್ನೆಲ್ಲ ಸೋಫಾದಿಂದಲೇ ನೋಡುತ್ತಿದ್ದರು. ತುಮಕೂರಿನ ಕಡೆಯ ಹಳ್ಳಿಯವರು. ಗಾಜಿನ ಪೆಟ್ಟಿಗೆಯನ್ನು ನಾವು ಟ್ಯಾಂಕ್ ಎನ್ನುವುದೇ ಅವರಿಗೊಂದು ತಮಾಷೆ, ಏಕೆಂದರೆ ಸರ್ಕಾರಿ ಇಂಗ್ಲಿಷಿನಲ್ಲಿ ಅವರೂರಿನ ಕೆರೆಯೂ ಟ್ಯಾಂಕೇ.

“ಅಲ್ಲ ಕಣೋ, ಕೆರೇಲಿ ಜೊಂಡು ಆಳೆತ್ತರ ಬೆಳೀತದೆ. ಯಾರು ಹಾಕಿದ್ರು ಗೊಬ್ಬರ?”

“ಹೂಳಿನಲ್ಲೇ ಇರತ್ತಲ್ಲಮ್ಮ.”

“ಮತ್ತೆ? ಗೋಡಿನೊಳಗಿರೋದನ್ನ ನೀರಿಗೆ ಯಾಕೆ ಕಲಸಿದೆ?”

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿ ಕಟ್ಟಿ, ಗೋಡು ತುಂಬಿಸಿ ಹೊಲಕ್ಕೆ ಹೊಡೆಸಿದ ಮನೆಯ ಹೆಂಗಸು. ಸಾರವನ್ನೆಲ್ಲ ಮಣ್ಣು ಹಿಡಿದುಕೊಂಡಿರುತ್ತದೆ, ಮೇಲಿನ ನೀರು ತಿಳಿಯಾಗಿರುತ್ತದೆ ಎನ್ನುವುದು ಅವರಿಗೆ ಕಣ್ಣಿಗೆ ಕಂಡ ಸಂಗತಿ. ಜೇಡಿಯ ಕಣಗಳಿಗೆ ಋಣ ವಿದ್ಯುದಂಶ, ಅಮೋನಿಯಂಗೆ ಧನ. ಆದ್ದರಿಂದ ಒಂದನ್ನೊಂದು ಬಿಡವು. ಜಲ್ಲಿಗೆ ಈ ಹಿಡಿತವಿಲ್ಲ.

ಹಾಗಾಗಿ ಈಗಿನ ನಮ್ಮ ಪದ್ಧತಿ ಕಡುಬಿನದು. ಗಣೇಶನನ್ನು ಮಾಡುವವರಲ್ಲಿ ಬಣ್ಣ ಸೋಕದ ಜೇಡಿಮಣ್ಣು ಕೇಳಿ ತಂದು, ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ, ಗುಳಿ ಒತ್ತಿ, ಮಾತ್ರೆಯ ಕಾಲುಭಾಗವನ್ನು ಹೂರಣವಾಗಿಟ್ಟು ಬಾಯಿ ಮುಚ್ಚುವುದು. ನೆರಳಲ್ಲಿ ಒಣಗಿಸಿ, ಜಲ್ಲಿಯ ಅಡಿಗೆ, ಗಾಜಿನ ತಳ ಮುಟ್ಟುವವರೆಗೂ ತಳ್ಳುವುದು. ಮೊದಲ ಸಲ ಒಂದೇ ಉಂಡೆ. ವಾರವಿಡೀ ಅಮೋನಿಯಾ ಪರೀಕ್ಷೆಯ ಬಾಟಲಿಯಲ್ಲಿ ಬಣ್ಣ ನೋಡಿ, ಏನೂ ಏಳದಿದ್ದರೆ ಆಮೇಲೆ ಎರಡನೆಯದರ ಮಾತು. ಬಂಡೆ ಮರಕ್ಕೆ ಅಂಟಿ ಬೆಳೆಯುವ ಜಾವಾ ಫರ್ನ್, ಅನೂಬಿಯಸ್‌ಗಳಿಗೆ ಇದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಮಾತ್ರೆಯಲ್ಲಿ ಕೀಟನಾಶಕ ಬೆರೆತಿದ್ದರೆ ಅದು ತೊಟ್ಟಿಯ ಹತ್ತಿರ ಸುಳಿಯಬಾರದು. ಕೆಲವು ಕಂಪನಿಗಳು ಗಿಡಕ್ಕೆ ಉಪಕಾರವೆಂದು ಸೇರಿಸಿಬಿಡುತ್ತವೆ. ಸಿಗಡಿ, ಬಸವನಹುಳು ಸಾಕುವವರು ತಾಮ್ರ ಎಷ್ಟಿದೆ ಎಂದು ಇನ್ನೊಮ್ಮೆ ಓದಬೇಕು.

1850ರಲ್ಲಿ ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ಗಾಜಿನ ಪಾತ್ರೆಯಲ್ಲಿ ಗೋಲ್ಡ್‌ಫಿಷ್, ವ್ಯಾಲಿಸ್ನೇರಿಯಾ ಗಿಡ, ಕೊಳೆತದ್ದನ್ನು ತಿನ್ನಲು ಬಸವನಹುಳು ಇಟ್ಟು, ಒಂದು ಇನ್ನೊಂದನ್ನು ಪೊರೆಯುವುದನ್ನು ತೋರಿಸಿದ. ಅವನೂ ಗಿಡವನ್ನು ಮಣ್ಣಿನಲ್ಲೇ ನೆಟ್ಟಿದ್ದ. ಅಮ್ಮನಿಗೆ ಹೇಳಿದೆ. “ಬುದ್ಧಿವಂತ” ಎಂದರು, ಸೊಸೆಯ ಕಡೆ ನೋಡಿ. ನನ್ನ ಕಡೆಗಲ್ಲ.

ಯಾವಾಗ ಹಾಕಿದೆ ಎಂದು ಮರೆಯಬಾರದಲ್ಲ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಏಕಾದಶಿಯ ಕೆಳಗೆ “ಗಿಡಕ್ಕೆ ಕಾಲು” ಎಂದು ಬರೆದಿಟ್ಟಿದ್ದೆ. ತಿಥಿ ನೋಡಲು ಬಂದ ಅಮ್ಮ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು.

“ಕಾಲು ಬಂದ್ರೂ ಸರಿ ಕಣೋ, ಅದು ಇದ್ದಲ್ಲೇ ಇರಲಿ. ನೀನು ಮಾತ್ರ ಎತ್ತಿಡೋಕೆ ಹೋಗಬೇಡ.”