ಇಲ್ಲಿ ಹರಿಯಿರಿ

ನಮ್ಮ ಕುಕ್ಕರಿನ ಸೇಫ್ಟಿ ವಾಲ್ವ್ ಹೋಗಿತ್ತು. ಹೆಬ್ಬೆರಳ ಉಗುರಿನಷ್ಟು ಸಾಮಾನು. ಪೇಟೆಗೆ ಹೋಗಲು ಸೋಮಾರಿತನವಾಗಿ ಮೊಬೈಲಿನಲ್ಲೇ ತರಿಸಿದೆ. ಮೂರನೇ ದಿನ ಬಂದ ಡಬ್ಬದಲ್ಲಿ ಕುಕ್ಕರನ್ನೇ ಕೂರಿಸಬಹುದಿತ್ತು. “ಏನ್ರೀ, ಗ್ರೈಂಡರ್ ತರಿಸಿದ್ರಾ?” ಎಂದಳು ಹೆಂಡತಿ.

ಡಬ್ಬದೊಳಗೆ ಗಾಳಿ ತುಂಬಿದ ದಿಂಬುಗಳು, ಅದರಡಿ ಗುಳ್ಳೆ ಪ್ಲಾಸ್ಟಿಕ್ಕು, ಅದನ್ನೂ ಬಿಡಿಸಿದರೆ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು. ವಾಲ್ವು ಅದರೊಳಗಿಂದ ಉತ್ಸವಮೂರ್ತಿಯ ಹಾಗೆ ದರ್ಶನ ಕೊಡುತ್ತಿತ್ತು, ಮುಟ್ಟುವಂತಿಲ್ಲ. ಉಗುರು ಹಾಕಿದೆ, ಉಗುರೇ ಮುರಿಯಿತು. ಹಲ್ಲು ಹಾಕಲು ಹೊರಟಾಗ “ಕ್ಯಾಪ್ ಹಾಕಿಸಿ ಇನ್ನೂ ಆರು ತಿಂಗಳಾಗಿಲ್ಲ” ಎಂಬ ಎಚ್ಚರಿಕೆ ಬಂತು. ಕತ್ತರಿ ಜಾರಿತು. ಕಡೆಗೆ ಅವಳೇ ಈಳಿಗೆಮಣೆ ಮೇಲೆ ಕೂತು, ಗೋರಿಕಾಯಿ ಹೆಚ್ಚುವಷ್ಟು ಸಲೀಸಾಗಿ ಅಂಚು ಸೀಳಿದಳು. ವಾಲ್ವು ಚಿಮ್ಮಿ ಫ್ರಿಜ್ಜಿನ ಅಡಿಗೆ ಹೋಯಿತು. ಅವತ್ತು ಬೇಳೆ ಪಾತ್ರೆಯಲ್ಲೇ ಬೆಂದಿತು.

ಅಂಗಡಿಯಲ್ಲಿ ತೂಗುಹಾಕಿದ ಸಣ್ಣ ಸಾಮಾನನ್ನು ಯಾರೂ ಜೇಬಿಗೆ ಇಳಿಸದಿರಲಿ ಎಂಬುದೂ ಈ ಚಿಪ್ಪಿನ ಒಂದು ಉದ್ದೇಶ. ಕಳ್ಳನಿಗೆ ಹಾಕಿದ ಬೀಗ, ಸರಿ. ದುಡ್ಡು ಕೊಟ್ಟು ಮನೆಬಾಗಿಲಿಗೆ ತರಿಸಿಕೊಂಡವನಿಗೂ ಅದೇ ಬೀಗವೆ?

ಶಾಂಪೂ ಸ್ಯಾಶೆಯದು ಇನ್ನೊಂದು ವರಸೆ. ಬಾಣದ ಗುರುತು ಹಾಕಿ ‘ಇಲ್ಲಿ ಹರಿಯಿರಿ’ ಎಂದು ಇಂಗ್ಲಿಷಿನಲ್ಲಿ ಆಜ್ಞಾಪಿಸುತ್ತದೆ. ಅಂಚಿನಲ್ಲಿ ಒಂದು ಸಣ್ಣ ಕಚ್ಚಿದ್ದರೆ ಎಳೆದ ಬಲವೆಲ್ಲ ಅಲ್ಲೇ ಸೇರಿ ಸರಕ್ಕನೆ ಸೀಳುತ್ತದೆ. ಇಲ್ಲದಿದ್ದರೆ ಹೋಳಿಗೆಯ ಕಣಕದ ಹಾಗೆ ಎಳೆದಷ್ಟೂ ಹಿಗ್ಗುತ್ತದೆ. ಒದ್ದೆ ಕೈ, ಮುಚ್ಚಿದ ಕಣ್ಣು. ಕಡೆಗೂ ಹರಿಯಿತು, ಕನ್ನಡದ ಎರಡೂ ಅರ್ಥದಲ್ಲಿ: ಸ್ಯಾಶೆಯೂ ಹರಿಯಿತು, ಶಾಂಪೂವೂ ಬಚ್ಚಲ ಕಿಂಡಿಗೆ ಹರಿಯಿತು.

ನಾನು ಹುಡುಗನಾಗಿದ್ದಾಗ ಶೆಟ್ಟರ ಅಂಗಡಿಯಲ್ಲಿ ಸೂರಿನಿಂದ ನೂಲಿನ ಉಂಡೆ ಇಳಿಬಿದ್ದಿರುತ್ತಿತ್ತು. ಪೊಟ್ಟಣವನ್ನು ಗಿರಗಿರ ತಿರುಗಿಸಿ, ದಾರ ಸುತ್ತಿ, ಬೆರಳಿಗೆ ಸಿಕ್ಕಿಸಿ ಪಟ್ಟನೆ ತುಂಡರಿಸುತ್ತಿದ್ದರು. ಮನೆಯಲ್ಲಿ ಒಂದು ತುದಿ ಎಳೆದರೆ ಸಾಕು, ಪೊಟ್ಟಣ ತಾನೇ ಬಾಯಿಬಿಡುತ್ತಿತ್ತು. ದಾರ ಅಮ್ಮನ ಹೂ ಕಟ್ಟುವ ಉಂಡೆಗೆ, ಕಾಗದ ನನಗೆ. ಬೆಲ್ಲ ಅಂಟಿದ ಕಾಗದದಲ್ಲಿ ಎಷ್ಟೋ ಧಾರಾವಾಹಿಗಳ ನಡುವಿನ ಕಂತು ಓದಿದ್ದೇನೆ. ಕೊಲೆಗಾರ ಯಾರೆಂದು ಇವತ್ತಿಗೂ ಗೊತ್ತಿಲ್ಲ. ಮುದ್ರಿಸಿದ ಕಾಗದದಲ್ಲಿ ತಿನಿಸು ಕಟ್ಟಬೇಡಿ ಎಂದು ಈಗ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳುತ್ತದೆ. ಶಾಯಿ ಹೊಟ್ಟೆಗೆ ಒಳ್ಳೆಯದಲ್ಲ, ಒಪ್ಪಿದೆ. ಆದರೆ ಶಾಯಿಯನ್ನು ಬಿಡಲು ಹೇಳಿದ್ದರು, ದಾರವನ್ನಲ್ಲ.

2022ರ ಜುಲೈ 1ರಿಂದ ದೇಶದಲ್ಲಿ ಪ್ಲಾಸ್ಟಿಕ್ ಸ್ಟ್ರಾ, ಮಿಠಾಯಿ ಡಬ್ಬದ ಮೇಲೆ ಸುತ್ತುವ ತೆಳು ಹಾಳೆ ಎಲ್ಲ ನಿಷೇಧ. ಚಿಪ್ಸ್ ಕವರು ಆ ಪಟ್ಟಿಯಲ್ಲಿಲ್ಲ. ನಮ್ಮ ಬೀದಿಯ ಗುಜರಿಯವನ ಪಟ್ಟಿಯೇ ಬೇರೆ. ಹಾಲಿನ ಕವರು ಕೊಟ್ಟರೆ ತಕ್ಕಡಿಗೆ ಹಾಕುತ್ತಾನೆ. ಚಿಪ್ಸ್ ಕವರು ಕೊಟ್ಟರೆ, “ಇದು ಬ್ಯಾಡ ಸಾರ್” ಎಂದು ವಾಪಸ್ ಚಾಚುತ್ತಾನೆ. ಪ್ಲಾಸ್ಟಿಕ್ಕಿಗೂ ಲೋಹದ ಪದರಕ್ಕೂ ಬೆಸುಗೆ ಹಾಕಿದ್ದನ್ನು ಬಿಡಿಸಿ ಕರಗಿಸುವವರು ಯಾರು? ನನಗೆ ಬಿಚ್ಚಲು ಬಾರದ್ದು ಅವನಿಗೂ ಬಾರದು ಎಂದು ತಿಳಿದು ಒಳಗೊಳಗೇ ಸಮಾಧಾನವಾಯಿತು.

ಅವನದೊಂದು ಕೋರಿಕೆಯಿದೆ, ನಿಮಗೂ ತಲುಪಿಸುತ್ತೇನೆ. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸುವಾಗ ಚೂರನ್ನು ಪೂರ್ತಿ ಬೇರೆ ಮಾಡಬೇಡಿ, ಕವರಿಗೇ ನೇತಾಡುತ್ತಿರಲಿ. ಬಿಡಿ ಚೂರನ್ನು ಯಾರೂ ಹೆಕ್ಕುವುದಿಲ್ಲ.